ಹಳೆ ಕಾರಿನ ಇಸಿಎಂ: ರಿಪೇರಿ ಸಾಕೇ, ರೀಫ್ಲ್ಯಾಶ್ ಬೇಕೇ, ರೀಮ್ಯಾಪ್ ಮಾಡಿಸಬಹುದೇ?

ದಾವಣಗೆರೆ, ಚಿತ್ರದುರ್ಗದ ಕಡೆ ಹತ್ತು-ಹದಿನೈದು ವರ್ಷದ ಡೀಸೆಲ್ ಕಾರುಗಳು ಇನ್ನೂ ದಿನಾ ದುಡಿಯುತ್ತಿವೆ. 1.3 ಲೀಟರಿನ ಸ್ವಿಫ್ಟ್, ಡಿಸೈರ್, ರಿಟ್ಜ್, 2.5 ಲೀಟರಿನ ಇನ್ನೋವಾ, ಸ್ಕಾರ್ಪಿಯೊ, ವರ್ನಾ, ಇಂಡಿಕಾ ವಿಸ್ಟಾ. ಮೀಟರು ಎರಡು ಲಕ್ಷದ ಹತ್ತಿರ ಬಂದಂತೆ ಮಾಲೀಕರ ದೂರು ಹೆಚ್ಚುಕಡಿಮೆ ಒಂದೇ: ಪಿಕಪ್ ಸತ್ತಿದೆ, ಮೈಲೇಜ್ ಇಳಿದಿದೆ, ಏರು ಬಂದರೆ ಕರಿಹೊಗೆ. ಅದಕ್ಕೆ ಸಿಗುವ ಸಲಹೆಯೂ ಈಚೆಗೆ ಒಂದೇ ಆಗಿಬಿಟ್ಟಿದೆ: "ಇಸಿಎಂ ಪ್ರೋಗ್ರಾಂ ಮಾಡಿಸಿಬಿಡಿ."

ಇಸಿಎಂ ಎಂದರೆ ಎಷ್ಟು ಇಂಧನ, ಯಾವಾಗ ಕೊಡಬೇಕೆಂದು ತೀರ್ಮಾನಿಸುವ ಇಂಜಿನ್ನಿನ ಕಂಪ್ಯೂಟರ್; ಅದರೊಳಗಿನ ಪ್ರೋಗ್ರಾಮನ್ನೇ ಫೈಲ್ ಎನ್ನುತ್ತಾರೆ. ಆ ಸಲಹೆಯ ಒಂದು ಮಾತಿನೊಳಗೆ ಐದಾರು ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ಕಂಪನಿಯ ಫೈಲನ್ನೇ ಮತ್ತೆ ಬರೆಯುವುದು (ರೀಫ್ಲ್ಯಾಶ್) ಬೇರೆ, ಬದಲಾಯಿಸಿದ ಫೈಲ್ ಬರೆಯುವುದು (ರೀಮ್ಯಾಪ್) ಬೇರೆ, ಇಸಿಎಂ ಬಿಚ್ಚಿ ಬೋರ್ಡಿಗೆ ಕೈಹಾಕುವುದು ಇನ್ನೂ ಬೇರೆ. ಕೆಲವದರಿಂದ ಹಿಂದೆ ಬರಲು ದಾರಿ ಇದೆ, ಕೆಲವದರಿಂದ ಇಲ್ಲ. ಯಾವುದಕ್ಕೆ ಒಪ್ಪುತ್ತಿದ್ದೇವೆ ಎಂದು ತಿಳಿಯದೆ ಕೀ ಕೊಟ್ಟು ಬಂದವರಿಗೆ ತೊಂದರೆ ಕಟ್ಟಿಟ್ಟದ್ದು.

ಹೊಸ ಕಾರಿನಲ್ಲಿ ಫೈಲ್ ಚೆನ್ನಾಗಿದೆಯೇ ಎಂದು ಕೇಳಿದರೆ ಸಾಕು. ಹಳೆ ಕಾರಿನಲ್ಲಿ ಅದಕ್ಕೂ ಮುಂಚೆ ಎರಡು ಪ್ರಶ್ನೆ ಕೇಳಬೇಕು. ಫೈಲ್ ಬರೆಯುವಷ್ಟು ಹೊತ್ತು ಈ ಗಾಡಿಯ ಬ್ಯಾಟರಿ, ವೈರಿಂಗು, ಕನೆಕ್ಟರು, ಇಸಿಎಂ ಬೋರ್ಡು ತಡೆಯುತ್ತವೆಯೇ? ಬರೆದ ಮೇಲೆ ಹೆಚ್ಚಾಗುವ ಒತ್ತಡವನ್ನು ಸವೆದ ಇಂಜಿನ್ ತಡೆಯುತ್ತದೆಯೇ? ಕೆಳಗಿನ ಹೋಲಿಕೆಯೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ಮೊದಲ ಆಯ್ಕೆ: ಇಸಿಎಂ ಮುಟ್ಟದೆ ಗಾಡಿ ಸರಿಮಾಡುವುದು

ಇಸಿಎಂ ಒಳಗಿನ ಪ್ರೋಗ್ರಾಂ ಸವೆಯುವ ವಸ್ತುವಲ್ಲ. ಹತ್ತು ವರ್ಷದ ಹಿಂದೆ ಗಾಡಿ ಚೆನ್ನಾಗಿ ಓಡಿದ್ದೂ ಅದೇ ಫೈಲಿನಲ್ಲಿ. ಈಗ ಓಡುತ್ತಿಲ್ಲ ಎಂದರೆ ಬದಲಾಗಿರುವುದು ಗಾಡಿ. ಆದ್ದರಿಂದ ಹಣ ಎಲ್ಲಿ ಹಾಕಬೇಕೆಂದು ತೀರ್ಮಾನಿಸುವ ಮೊದಲು ಒಳ್ಳೆಯ ಸ್ಕ್ಯಾನರ್ ಹಾಕಿ ಒಂದು ಗಂಟೆ ಕೂರುವುದು ಎಲ್ಲಕ್ಕಿಂತ ಅಗ್ಗದ ಕೆಲಸ. ದೋಷದ ಕೋಡ್‌ಗಳನ್ನು ಫ್ರೀಜ್ ಫ್ರೇಮ್ (ದೋಷ ಬಂದ ಕ್ಷಣದ ಅಂಕಿಗಳು) ಸಮೇತ ಫೋಟೊ ತೆಗೆದಿಟ್ಟುಕೊಳ್ಳಿ. ನೋಡುವ ಮೊದಲೇ ಅಳಿಸಲು ಬಿಡಬೇಡಿ.

ಆಮೇಲೆ ಲೈವ್ ಡೇಟಾ. ಇಗ್ನಿಷನ್ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ, ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನ ಅಂಕಿ ನೋಡಿ. ಅದು ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾಗಿರಬೇಕು. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಅಲ್ಲಿ 94 ಕಿಲೋಪ್ಯಾಸ್ಕಲ್ ಆಸುಪಾಸು ಬರಬೇಕು. ಚಿತ್ರದುರ್ಗ 730 ಮೀಟರ್ ಹತ್ತಿರ, ಅಲ್ಲಿ 93. ಪುಸ್ತಕದಲ್ಲಿರುವ 101 ಸಮುದ್ರಮಟ್ಟದ ಲೆಕ್ಕ. ನಮ್ಮೂರಿನಲ್ಲಿ ನಿಂತ ಗಾಡಿ 101 ತೋರಿಸುತ್ತಿದ್ದರೆ ಸೆನ್ಸರ್ ಸುಳ್ಳು ಹೇಳುತ್ತಿದೆ ಎಂದೇ ಅರ್ಥ, ಮತ್ತು ಆ ಸುಳ್ಳಿನ ಮೇಲೆ ಇಸಿಎಂ ಡೀಸೆಲ್ ಅಳೆಯುತ್ತಿದೆ.

ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೂಲಂಟ್, ಗಾಳಿ, ಡೀಸೆಲ್ ಮೂರರ ಉಷ್ಣತೆಯೂ ಬಹುತೇಕ ಒಂದೇ ಇರಬೇಕು. ಒಂದು ಮಾತ್ರ ಹತ್ತು ಡಿಗ್ರಿ ಬೇರೆ ತೋರಿಸಿದರೆ ಆ ಸೆನ್ಸರನ್ನು ಅನುಮಾನಿಸಿ. ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿದ ಮೇಲೂ ಕೂಲಂಟ್ 70 ಡಿಗ್ರಿಯಲ್ಲೇ ನಿಂತಿದ್ದರೆ ಥರ್ಮೋಸ್ಟಾಟ್ ತೆರೆದೇ ಉಳಿದಿದೆ. ಇಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಎಂ ಹೆಚ್ಚು ಡೀಸೆಲ್ ಕೊಡುತ್ತಾ ಹೋಗುತ್ತದೆ. ಮೈಲೇಜ್ ಇಳಿಯಲು ಇದೊಂದೇ ಸಾಕು.

ಕಾಮನ್‌ರೈಲ್ ಡೀಸೆಲ್‌ನಲ್ಲಿ ಬಿಸಿಯಾದ ಇಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ರೈಲ್ ಒತ್ತಡ (ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆಯೊಳಗಿನ ಒತ್ತಡ) ಸಾಮಾನ್ಯವಾಗಿ 250ರಿಂದ 350 ಬಾರ್ ಒಳಗಿರುತ್ತದೆ. ಇಸಿಎಂ ಕೇಳಿದ ಒತ್ತಡ, ಸಿಕ್ಕ ಒತ್ತಡ ಎರಡೂ ಜೊತೆಜೊತೆಯಾಗಿ ಸಾಗಬೇಕು. ಸಿಕ್ಕಿದ್ದು ತೂಗಾಡುತ್ತಿದ್ದರೆ ಫಿಲ್ಟರ್, ಪಂಪಿನ ವಾಲ್ವ್ ಅಥವಾ ಇಂಜೆಕ್ಟರ್. ಪ್ರತಿ ಇಂಜೆಕ್ಟರಿಗೆ ಇಸಿಎಂ ಮಾಡುವ ಡೀಸೆಲ್ ತಿದ್ದುಪಡಿಯ (ಕರೆಕ್ಷನ್) ಅಂಕಿ ಪ್ಲಸ್-ಮೈನಸ್ 3 ಮಿಲಿಗ್ರಾಂ ದಾಟಿದರೆ ಲೀಕ್-ಆಫ್ ಟೆಸ್ಟ್ ಮಾಡಿಸಿ: ನಾಲ್ಕು ರಿಟರ್ನ್ ಪೈಪಿಗೆ ನಾಲ್ಕು ಸಮ ಬಾಟಲಿ ಕಟ್ಟಿ, ಕೆಲವು ನಿಮಿಷ ಓಡಿಸಿ, ಮಟ್ಟ ನೋಡುವುದು. ಒಂದು ಬಾಟಲಿ ಉಳಿದವುಗಳ ಎರಡರಷ್ಟು ತುಂಬಿದ್ದರೆ ಕಳ್ಳ ಸಿಕ್ಕ. ಅದನ್ನು ಇಂಜೆಕ್ಟರ್ ಲ್ಯಾಬಿಗೆ ಕಳಿಸಿ. ಹೀಗೆ ಸೋರುವ ಇಂಜೆಕ್ಟರ್ ಇಟ್ಟುಕೊಂಡು ರೀಮ್ಯಾಪ್ ಮಾಡಿಸುವುದು ತೂತು ಕೊಡಕ್ಕೆ ಜೋರಾಗಿ ನಲ್ಲಿ ಬಿಟ್ಟಂತೆ.

ಧೂಳಿನ ಮಾತು ಹೇಳಲೇಬೇಕು. ಭೀಮಸಮುದ್ರ ಕಡೆಯ ಅದಿರಿನ ಕೆಂಧೂಳು, ಸುಗ್ಗಿಯಲ್ಲಿ ರಸ್ತೆಯ ಮೇಲೇ ಒಣಹಾಕುವ ಮೆಕ್ಕೆಜೋಳದ ಹೊಟ್ಟು ಎರಡೂ ಏರ್ ಫಿಲ್ಟರಿಗೆ ಶತ್ರು. ಫಿಲ್ಟರ್ ದಾಟಿದ ನುಣ್ಣನೆ ಧೂಳು ಏರ್‌ಫ್ಲೋ ಸೆನ್ಸರಿನ ತೆಳು ಎಳೆಗೆ ಅಂಟಿಕೊಂಡರೆ ಅದು ಗಾಳಿ ಕಡಿಮೆ ಎಂದು ಹೇಳುತ್ತದೆ, ಇಸಿಎಂ ಡೀಸೆಲ್ ಕಡಿಮೆ ಮಾಡುತ್ತದೆ, ಪಿಕಪ್ ಹೋಗುತ್ತದೆ. ಏರ್‌ಫ್ಲೋ ಸೆನ್ಸರಿಗೆಂದೇ ಸಿಗುವ ಸ್ಪ್ರೇ ಬಿಟ್ಟು ಬೇರೇನೂ ಹೊಡೆಯಬೇಡಿ, ಬಟ್ಟೆ ತಾಗಿಸಬೇಡಿ. ಇದರ ಜೊತೆಗೆ ಮಸಿ ಕಟ್ಟಿದ ಇಜಿಆರ್ (ಹೊಗೆಯ ಒಂದಿಷ್ಟನ್ನು ಮತ್ತೆ ಇಂಜಿನ್ನಿಗೆ ತಿರುಗಿಸುವ ವಾಲ್ವ್), ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸಿನ ಬಿರುಕು. ಹೋಸಿನ ಜೋಡಣೆಯಲ್ಲಿ ಎಣ್ಣೆಯ ಕಲೆ ಇದ್ದರೆ ಅಲ್ಲಿ ಗಾಳಿ ಸೋರುತ್ತಿದೆ.

ಇಷ್ಟನ್ನೂ ಸರಿಮಾಡಿದ ಮೇಲೆ ಹೆಚ್ಚಿನ ಗಾಡಿಗಳಿಗೆ ರೀಮ್ಯಾಪ್ ಬೇಕೆನಿಸುವುದೇ ಇಲ್ಲ. ಕಳೆದುಕೊಂಡಿದ್ದ ಪಿಕಪ್ ವಾಪಸ್ ಬಂದಿರುತ್ತದೆ. ಈ ದಾರಿಯಲ್ಲಿ ಇಸಿಎಂ ಸಾಯುವ ಅಪಾಯ ಸೊನ್ನೆ, ಕಾನೂನಿನ ತೊಡಕಿಲ್ಲ.

ಎರಡನೆಯದು: ಕಂಪನಿಯ ಫೈಲಿನಿಂದ ರೀಫ್ಲ್ಯಾಶ್

ಇದನ್ನು ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಅವರ ಸಲಕರಣೆಯಿಂದಲೇ ಮಾಡಿಸಬೇಕು. ಎರಡು ಸಂದರ್ಭದಲ್ಲಿ ಅರ್ಥವಿದೆ. ನಿಮ್ಮ ಮಾಡೆಲ್ಲಿನ ಗೊತ್ತಿರುವ ಒಂದು ದೋಷಕ್ಕೆ ಕಂಪನಿ ಹೊಸ ಕ್ಯಾಲಿಬ್ರೇಷನ್ (ತಿದ್ದಿದ ಫೈಲ್) ಬಿಟ್ಟಿದ್ದರೆ, ಅಥವಾ ಇಸಿಎಂ ಬದಲಾಯಿಸಿದ್ದರೆ. "ಸುಮ್ಮನೆ ಒಂದು ಸಲ ಹೊಸದಾಗಿ ಹಾಕಿ ನೋಡೋಣ" ಎಂಬ ಕಾರಣಕ್ಕೆ ಮಾಡಿಸಬೇಡಿ. ಅದೇ ಫೈಲನ್ನು ಅದೇ ಜಾಗಕ್ಕೆ ಬರೆದರೆ ಲಾಭವಿಲ್ಲ, ಬರೆಯುವ ಅಪಾಯ ಮಾತ್ರ ಉಳಿಯುತ್ತದೆ.

ಫೈಲ್ ನಂಬಲರ್ಹ ಎಂಬುದು ಇದರ ದೊಡ್ಡ ಬಲ. ಬ್ಯಾಟರಿ, ಕನೆಕ್ಟರಿನ ಅಪಾಯ ಇಲ್ಲೂ ಇದ್ದೇ ಇದೆ. ಇನ್ನೊಂದು ವಿಷಯ ಹಲವರು ಮರೆಯುತ್ತಾರೆ: ಹೊಸದಾಗಿ ಬರೆದ ಮೇಲೆ ಇಸಿಎಂ ಕಲಿತಿದ್ದ ಕೆಲವು ಸಂಗತಿ ಅಳಿಸಿಹೋಗಬಹುದು. ಥ್ರಾಟಲ್ ಮತ್ತು ಐಡ್ಲಿಂಗ್ ಕಲಿಕೆ ಮತ್ತೆ ಆಗಬೇಕು. ಇಂಜೆಕ್ಟರಿನ ತಲೆಯ ಮೇಲೆ ಕೊರೆದಿರುವ ಕೋಡ್ ಇಸಿಎಂನಲ್ಲಿ ಹಾಗೇ ಉಳಿದಿದೆಯೇ ನೋಡಿಸಿ. ಆ ಕೋಡ್ ಒಂದೊಂದು ಇಂಜೆಕ್ಟರಿಗೂ ಬೇರೆ. ಬಾಷ್, ಡೆನ್ಸೊ, ಡೆಲ್ಫಿ ಕೋಡ್‌ಗಳ ಉದ್ದವೂ ಬೇರೆ ಬೇರೆ. ಅದಲುಬದಲಾದರೆ ಐಡ್ಲಿಂಗ್ ಒರಟಾಗುತ್ತದೆ, ಟಕಟಕ ಸದ್ದು ಬರುತ್ತದೆ, ಹೊಗೆ ಹೆಚ್ಚುತ್ತದೆ.

ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಇದರಲ್ಲಿ ಒಂದು ಉಪಯೋಗವಿದೆ. ಹಿಂದಿನ ಮಾಲೀಕ ಗುಟ್ಟಾಗಿ ರೀಮ್ಯಾಪ್ ಮಾಡಿಸಿದ್ದ ಅನುಮಾನವಿದ್ದರೆ, ಸ್ಕ್ಯಾನರಿನಲ್ಲಿ ಬರುವ ಕ್ಯಾಲಿಬ್ರೇಷನ್ ನಂಬರನ್ನು ಕಂಪನಿಯ ದಾಖಲೆಗೆ ಹೋಲಿಸಲು ಕೇಳಿ. ಇಸಿಎಂ ಡಬ್ಬಿಯ ಅಂಚಿನಲ್ಲಿ ಸ್ಕ್ರೂಡ್ರೈವರ್ ಗೀರು, ಹೊಸ ಸಿಲಿಕೋನ್ ಗೋಂದು ಕಂಡರೆ ಅದೂ ಸಾಕ್ಷಿಯೇ.

ಮೂರನೆಯದು: ಓಬಿಡಿ ಪೋರ್ಟಿನಿಂದ ರೀಮ್ಯಾಪ್

ಡ್ಯಾಶ್‌ಬೋರ್ಡ್ ಕೆಳಗಿನ 16 ಪಿನ್ನಿನ ಪೋರ್ಟಿಗೆ ಟೂಲ್ ಚುಚ್ಚಿ, ಬದಲಾಯಿಸಿದ ಫೈಲ್ ಬರೆಯುವುದು. ಇಸಿಎಂ ಬಿಚ್ಚುವುದಿಲ್ಲ. ಫೈಲಿನಲ್ಲಿ ಮುಖ್ಯವಾಗಿ ಬದಲಾಗುವುದು ಡೀಸೆಲ್ ಪ್ರಮಾಣ, ರೈಲ್ ಒತ್ತಡ, ಟರ್ಬೊ ಒತ್ತಡ, ಟಾರ್ಕ್ ಮಿತಿ ಮತ್ತು ಹೊಗೆಯ ಮಿತಿ. ಟರ್ಬೊ ಡೀಸೆಲ್‌ಗಳಿಗೆ ಶೇ. 20–30 ಹೆಚ್ಚು ಟಾರ್ಕ್ ಎಂಬ ಭರವಸೆ ಸಾಮಾನ್ಯ. ಟರ್ಬೊ ಇಲ್ಲದ ಹಳೆ ಪೆಟ್ರೋಲ್ ಕಾರಿಗೆ ಸಿಗುವುದು ತೀರಾ ಅಲ್ಪ, ಅದಕ್ಕಾಗಿ ಈ ಅಪಾಯ ತೆಗೆದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಸ್ವಿಫ್ಟ್‌ನ 1.3 ಡೀಸೆಲ್ಲನ್ನೇ ತೆಗೆದುಕೊಳ್ಳಿ. ಅದರದು 75 ಪಿಎಸ್, 190 ನ್ಯೂಟನ್ ಮೀಟರ್. ಇದೇ ಇಂಜಿನ್ ಎಸ್‌ಎಕ್ಸ್4, ಎರ್ಟಿಗಾದಲ್ಲಿ 90 ಪಿಎಸ್, 200 ನ್ಯೂಟನ್ ಮೀಟರ್ ಕೊಡುತ್ತದೆ. ಆದರೆ ಅಲ್ಲಿ ಕಂಪನಿ ಟರ್ಬೊವನ್ನೇ ಬದಲಾಯಿಸಿ, ರೆಕ್ಕೆ ತಿರುಗುವ ವೇರಿಯಬಲ್ ಟರ್ಬೊ ಹಾಕಿತ್ತು. ಸಾಫ್ಟ್‌ವೇರ್ ಒಂದರಿಂದಲೇ ಸ್ಥಿರ ಟರ್ಬೊದ ಗಾಡಿಯನ್ನು 230–240 ನ್ಯೂಟನ್ ಮೀಟರಿಗೆ ಒಯ್ಯುವಾಗ ಆ ಭಾರವೆಲ್ಲ ಎರಡು ಲಕ್ಷ ಕಿಲೋಮೀಟರ್ ತಿರುಗಿದ ಟರ್ಬೊ ಶಾಫ್ಟ್, ಕ್ಲಚ್, ಹೆಡ್ ಗ್ಯಾಸ್ಕೆಟ್ ಮೇಲೆ ಬೀಳುತ್ತದೆ. ನಮ್ಮ ಎತ್ತರದಲ್ಲಿ ಗಾಳಿ ತೆಳು, ಅಷ್ಟೇ ಒತ್ತಡ ಕೊಡಲು ಟರ್ಬೊ ಕರಾವಳಿಗಿಂತ ಹೆಚ್ಚು ವೇಗವಾಗಿ ಸುತ್ತಬೇಕು. ಚಳ್ಳಕೆರೆ, ಹಿರಿಯೂರಿನ ಏಪ್ರಿಲ್ ಬಿಸಿಲಿನಲ್ಲಿ ಇಂಟರ್‌ಕೂಲರ್ ಕೂಡ ಸೋಲುತ್ತದೆ. ಬೇರೆಲ್ಲೋ ತಂಪು ಊರಿನಲ್ಲಿ ತಯಾರಾದ ಸಿದ್ಧ ಫೈಲ್ ಇದನ್ನೆಲ್ಲ ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಕ್ಲಚ್ ತಡೆಯುತ್ತದೆಯೇ ಎಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆ ಇದೆ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿಗೆ ಹಾಕಿ, 50ರ ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಏರಿ ವೇಗ ಏರದಿದ್ದರೆ ಕ್ಲಚ್ ಈಗಲೇ ಜಾರುತ್ತಿದೆ. ಇಂಜಿನ್ನಿನ ರಿಂಗ್ ಸ್ಥಿತಿ ಅರಿಯಲು ಐಡ್ಲಿಂಗ್‌ನಲ್ಲಿ ಆಯಿಲ್ ಕ್ಯಾಪ್ ಸಡಿಲಿಸಿ. ಹಬೆ ಬುಸುಗುಟ್ಟಿ ಕ್ಯಾಪನ್ನು ಎತ್ತಿ ಕುಣಿಸುತ್ತಿದ್ದರೆ ರೀಮ್ಯಾಪ್ ಮಾತು ಅಲ್ಲಿಗೇ ನಿಲ್ಲಿಸಿ.

"ಮೈಲೇಜ್ ಮ್ಯಾಪ್" ಬಗ್ಗೆ ವಿಶೇಷ ಎಚ್ಚರ ಬೇಕು. ಡ್ಯಾಶ್‌ಬೋರ್ಡಿನ ಮೈಲೇಜ್ ಅಂಕಿಯನ್ನು ಇಸಿಎಂ ತಾನು ಸಿಂಪಡಿಸಿದೆ ಎಂದುಕೊಂಡ ಡೀಸೆಲ್ಲಿನಿಂದ ಲೆಕ್ಕ ಹಾಕುತ್ತದೆ. ಇಂಜೆಕ್ಟರ್ ತೆರೆದಿರುವ ಅವಧಿಯ ಕೋಷ್ಟಕವನ್ನು ತಿದ್ದಿದರೆ ಹೋದ ಡೀಸೆಲ್ ಹೆಚ್ಚು, ತೋರಿಸುವ ಲೆಕ್ಕ ಕಡಿಮೆ. ಪರದೆ 22 ತೋರಿಸಿದರೂ ಬಂಕಿನ ಬಿಲ್ಲು ಬೇರೆಯೇ ಹೇಳುತ್ತದೆ. ಒಂದೇ ಬಂಕಿನಲ್ಲಿ ಮೂರು ಸಲ ಫುಲ್ ಟ್ಯಾಂಕ್ ಮಾಡಿ, ಮೊದಲೂ ನಂತರವೂ ಅಳೆದರೆ ಮಾತ್ರ ನಿಜ ತಿಳಿಯುತ್ತದೆ.

ಇಜಿಆರ್ ಆಫ್, ಕೋಡ್ ಆಫ್ ಎಂದು ಉಚಿತವಾಗಿ ಸೇರಿಸಿ ಕೊಡುವವರೂ ಇದ್ದಾರೆ. ಕೋಡ್ ಆಫ್ ಹಳೆ ಕಾರಿಗೆ ಮಾಡಬಹುದಾದ ಅತಿ ಕೆಟ್ಟ ಉಪಕಾರ. ರೈಲ್ ಒತ್ತಡ ಕುಸಿಯುತ್ತಿದೆ, ಕೂಲಂಟ್ ಸೆನ್ಸರ್ ಸತ್ತಿದೆ ಎಂದು ಎಚ್ಚರಿಸಬೇಕಿದ್ದ ದೀಪ ಹತ್ತುವುದೇ ಇಲ್ಲ. ತಿಳಿಯುವ ಹೊತ್ತಿಗೆ ಗಾಡಿ ಹೆದ್ದಾರಿ 48ರ ಪಕ್ಕದಲ್ಲಿ ನಿಂತಿರುತ್ತದೆ.

ಪೆಟ್ರೋಲ್ ಕಾರಿನವರಿಗೆ ಒಂದು ಮಾತು. ಬಂಕಿನಲ್ಲಿ ಈಗ ಬರುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಅದಕ್ಕಾಗಿ ಮ್ಯಾಪ್ ಬೇಕೆಂದು ಯಾರಾದರೂ ಹೇಳಿದರೆ ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್ (ಇಸಿಎಂ ತಾನೇ ಮಾಡಿಕೊಂಡ ಇಂಧನ ತಿದ್ದುಪಡಿಯ ಶೇಕಡಾ ಅಂಕಿ) ನೋಡಿಸಿ. ಆಕ್ಸಿಜನ್ ಸೆನ್ಸರ್ ಸರಿಯಿದ್ದರೆ ಇಸಿಎಂ ತಾನೇ ಕೆಲವು ಶೇಕಡಾ ಹೆಚ್ಚು ಪೆಟ್ರೋಲ್ ಕೊಟ್ಟು ಸರಿದೂಗಿಸಿಕೊಂಡಿರುತ್ತದೆ. ಟ್ರಿಮ್ ಪ್ಲಸ್ 15–20 ದಾಟಿದ್ದರೆ ಗಾಳಿ ಸೋರಿಕೆ, ಪಂಪ್, ಫಿಲ್ಟರ್ ಹುಡುಕಿ. ಹಳೆ ರಬ್ಬರ್ ಪೈಪು ಎಥನಾಲ್‌ಗೆ ಗಟ್ಟಿಯಾಗಿ ಬಿರಿಯುವುದನ್ನು ಯಾವ ಫೈಲೂ ತಡೆಯಲಾರದು, ಪೈಪನ್ನೇ ಬದಲಾಯಿಸಬೇಕು.

ನಾಲ್ಕನೆಯದು: ಇಸಿಎಂ ಬಿಚ್ಚಿ, ಬೆಂಚಿನ ಮೇಲೆ

ಕೆಲವು ಇಸಿಎಂಗಳು ಓಬಿಡಿಯಿಂದ ಓದಲು ಬಿಡುವುದಿಲ್ಲ. ಬಾಷ್ ಇಡಿಸಿ17 ಬಗೆಯವುಗಳಲ್ಲಿ ಹಲವು ಹೀಗೆ ಬೀಗ ಹಾಕಿಕೊಂಡಿರುತ್ತವೆ. ಆಗ ಇಸಿಎಂ ಹೊರತೆಗೆದು, ಕನೆಕ್ಟರಿನ ಪಿನ್‌ಗಳಿಗೆ ನೇರ ಕರೆಂಟು ಕೊಟ್ಟು ಬರೆಯುತ್ತಾರೆ. ಅದೂ ಆಗದಿದ್ದರೆ ಡಬ್ಬಿ ತೆರೆದು, ಬೋರ್ಡಿನ ಒಂದು ಬಿಂದುವನ್ನು ಸೇರಿಸಿ ಬೂಟ್ ಮೋಡಿಗೆ (ಮೆಮೊರಿಗೆ ನೇರವಾಗಿ ಬರೆಯಬಹುದಾದ ಸ್ಥಿತಿಗೆ) ತರುತ್ತಾರೆ.

ಡಬ್ಬಿ ತೆರೆಯದೆ ಬೆಂಚಿನ ಮೇಲೆ ಬರೆಯುವುದು ಒಂದು ಲೆಕ್ಕಕ್ಕೆ ಕಾರಿನೊಳಗೇ ಬರೆಯುವುದಕ್ಕಿಂತ ಕ್ಷೇಮ. ಹಳೆ ಬ್ಯಾಟರಿ, ಹಳೆ ವೈರಿಂಗು ನಡುವೆ ಬರುವುದಿಲ್ಲ, ಸ್ಥಿರ ಪವರ್ ಸಪ್ಲೈ ಸಿಗುತ್ತದೆ. ಡಬ್ಬಿ ತೆರೆಯುವುದು ಮಾತ್ರ ಹಳೆ ಇಸಿಎಂಗೆ ದೊಡ್ಡ ಆಪತ್ತು. ಗೋಂದು ಕಲ್ಲಾಗಿರುತ್ತದೆ. ಬಿಸಿ ಮಾಡಿ ಮೀಟುವಾಗ ಅಂಚಿನ ಬಿಡಿಭಾಗ ಕಿತ್ತುಬರಬಹುದು. ಕೆಲವು ಇಸಿಎಂಗಳ ಒಳಗೆ ಪಾರದರ್ಶಕ ಜೆಲ್ ತುಂಬಿದ್ದು, ಅದರಡಿ ಕೂದಲೆಳೆಯಂಥ ತಂತಿಗಳಿರುತ್ತವೆ. ಜೆಲ್ಲಿಗೆ ಬೆರಳು ತಾಗಿದರೂ ತಂತಿ ಹರಿಯುತ್ತದೆ, ಅದಕ್ಕೆ ರಿಪೇರಿ ಇಲ್ಲವೆಂದೇ ತಿಳಿಯಿರಿ. ವರ್ಷಗಟ್ಟಲೆ ಬಾನೆಟ್ಟಿನ ಬಿಸಿ ತಿಂದ ಬೋರ್ಡಿನಲ್ಲಿ ಕೆಪಾಸಿಟರ್ ಒಣಗಿ, ಬೆಸುಗೆ ಬಿರುಕು ಬಿಟ್ಟಿರುವುದೂ ಉಂಟು. ಮೊದಲೇ ಸಾಯುವ ಅಂಚಿನಲ್ಲಿದ್ದ ಬೋರ್ಡು ಬೆಂಚಿನ ಮೇಲೆ ಸತ್ತರೆ ಯಾರ ತಪ್ಪೆಂದು ಜಗಳವೇ ಉಳಿಯುತ್ತದೆ. ಮುಚ್ಚುವಾಗ ಸುತ್ತಲೂ ಹೊಸ ಸೀಲಂಟ್ ಪೂರ್ತಿ ಹಾಕದಿದ್ದರೆ ಮೊದಲ ಮಳೆಗಾಲಕ್ಕೇ ನೀರಿನ ಪಸೆ ಒಳಗಿಳಿಯುತ್ತದೆ.

ಐದನೆಯದು: ಟ್ಯೂನಿಂಗ್ ಬಾಕ್ಸ್

ರೈಲ್ ಒತ್ತಡದ ಸೆನ್ಸರಿಗೂ ಇಸಿಎಂಗೂ ನಡುವೆ ಕೂರುವ ಚಿಕ್ಕ ಡಬ್ಬಿ. ಒತ್ತಡ ಕಡಿಮೆ ಇದೆ ಎಂದು ಇಸಿಎಂಗೆ ಸುಳ್ಳು ಹೇಳುತ್ತದೆ, ಇಸಿಎಂ ಒತ್ತಡ ಏರಿಸುತ್ತದೆ. ಇಸಿಎಂ ಮೆಮೊರಿ ಮುಟ್ಟುವುದಿಲ್ಲ, ಕಿತ್ತರೆ ಗಾಡಿ ಮೊದಲಿನಂತೆ. ಇಸಿಎಂ ದೃಷ್ಟಿಯಿಂದ ನೋಡಿದರೆ ಇದು ರೀಮ್ಯಾಪ್‌ಗಿಂತ ಕ್ಷೇಮ. ಪಂಪು, ಇಂಜೆಕ್ಟರ್ ದೃಷ್ಟಿಯಿಂದ ಹಾಗಲ್ಲ: ರೈಲಿನೊಳಗೆ ನಿಜವಾಗಿ ಎಷ್ಟು ಒತ್ತಡವಿದೆ ಎಂದು ಇಸಿಎಂಗೇ ತಿಳಿಯದು, ಹಾಗಾಗಿ ಅದರ ಕಾವಲು ಕೆಲಸ ಮಾಡದು. ಹಳೆ ಸೆನ್ಸರ್ ಕನೆಕ್ಟರಿನ ಪ್ಲಾಸ್ಟಿಕ್ ಕೊಕ್ಕೆ ಬಿಚ್ಚುವಾಗಲೇ ಮುರಿಯುತ್ತದೆ. ಆಮೇಲೆ ಸಡಿಲ ಪ್ಲಗ್ ಅಲುಗಿ, ಓಡುತ್ತಲೇ ಗಾಡಿ ಬಂದ್ ಆಗಬಹುದು. ಹಳೆ ಇಂಜೆಕ್ಟರಿನ ಗಾಡಿಗೆ ಇದನ್ನು ಹಾಕಬೇಡಿ.

ಓಬಿಡಿ ಪೋರ್ಟಿಗೆ ಚುಚ್ಚಿದರೆ ಮೈಲೇಜ್ ಹೆಚ್ಚುತ್ತದೆ ಎಂದು ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಮಾರುವ ಡಬ್ಬಿಗಳು ಇದಕ್ಕೂ ಲಾಯಕ್ಕಿಲ್ಲ. ಅವುಗಳಲ್ಲಿ ಹಲವದರೊಳಗೆ ಮಿಣುಕುವ ಎಲ್‌ಇಡಿ ದೀಪಗಳ ಸರ್ಕ್ಯೂಟ್ ಬಿಟ್ಟರೆ ಏನೂ ಇರುವುದಿಲ್ಲ.

ಇಸಿಎಂ ಸತ್ತೇ ಹೋಗಿದ್ದರೆ

ಆಗ ಆಯ್ಕೆಗಳು ಮೂರು: ಬೋರ್ಡ್ ರಿಪೇರಿ, ಗುಜರಿಯ ಇಸಿಎಂ, ಹೊಸದು. ಮೊದಲು ಸತ್ತಿರುವುದು ಇಸಿಎಂ ಹೌದೇ ಖಚಿತಪಡಿಸಿಕೊಳ್ಳಿ. ಮೇನ್ ರಿಲೇ, ಫ್ಯೂಸು, ಅರ್ಥಿಂಗ್ ಕೆಟ್ಟಿದ್ದಕ್ಕೆ ಇಸಿಎಂ ತಪ್ಪಿತಸ್ಥನಾಗುವುದು ಬಹಳ ಸಲ. ಕೆಪಾಸಿಟರ್, ಇಂಜೆಕ್ಟರ್ ಡ್ರೈವರ್‌ನಂಥ ಭಾಗ ಹೋಗಿದ್ದರೆ ರಿಪೇರಿಯೇ ಒಳ್ಳೆಯದು, ನಿಮ್ಮ ಗಾಡಿಯ ಡೇಟಾ ಅದರಲ್ಲೇ ಉಳಿಯುತ್ತದೆ. ಬೆಂಗಳೂರಿನ ಗುಜರಿಯಿಂದ ತರುವುದಾದರೆ ಹಾರ್ಡ್‌ವೇರ್ ನಂಬರ್ ಕೊನೆಯ ಅಂಕಿಯವರೆಗೆ ಹೊಂದಬೇಕು, ಮಾಡೆಲ್ ಹೊಂದಿದರೆ ಸಾಲದು. ಸರಿಯಾದ ಕೀ ಇಲ್ಲದೆ ಓಡಲು ಬಿಡದ ಇಮ್ಮೊಬಿಲೈಸರಿನ ಗುಟ್ಟು ಹಳೆಯದರ ಇಇಪ್ರಾಂ ಎಂಬ ಚಿಕ್ಕ ಮೆಮೊರಿಯಲ್ಲಿದೆ. ಅದನ್ನು ಹೊಸದಕ್ಕೆ ನಕಲಿಸದಿದ್ದರೆ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ, ಅಥವಾ ಆಗಿ ಎರಡೇ ಸೆಕೆಂಡಿಗೆ ನಿಲ್ಲುತ್ತದೆ. ಹಾಗಾಗಿ ಸತ್ತ ಇಸಿಎಂ ಎಸೆಯಬೇಡಿ, ವಿನಿಮಯಕ್ಕೂ ಕೊಡಬೇಡಿ. ಬಿಲ್ಲಿಲ್ಲದ ಇಸಿಎಂ ಕೊಳ್ಳಲೇಬೇಡಿ.

ಕರೆಂಟು: ಅರ್ಧ ಗಂಟೆಯ ಜೀವ-ಮರಣ

ಬರೆಯುವಾಗ ಹಳೆ ಕಾರಿನ ಇಸಿಎಂಗಳು ಸಾಯುವುದು ಬಹುತೇಕ ವೋಲ್ಟೇಜ್ ಕುಸಿತದಿಂದ. ಬರೆಯುವ ಮುನ್ನ ಫ್ಲ್ಯಾಶ್ ಮೆಮೊರಿ ಅಳಿಸಿರುತ್ತದೆ. ಅಳಿಸಿ, ಪೂರ್ತಿ ಬರೆಯುವ ಮೊದಲು ಕರೆಂಟು ಕೈಕೊಟ್ಟರೆ ಇಸಿಎಂನಲ್ಲಿ ಅರ್ಧ ಪ್ರೋಗ್ರಾಂ ಇರುತ್ತದೆ. ಕ್ಯಾನ್ ಎಂಬ ವೇಗದ ಡೇಟಾ ಮಾರ್ಗ ಇರುವ ಗಾಡಿಯಲ್ಲಿ, ಅಂದರೆ ಪೋರ್ಟಿನ 6 ಮತ್ತು 14ನೇ ಪಿನ್ನಿನ ಮೂಲಕ, ಕೆಲಸ ಬೇಗ ಮುಗಿಯುತ್ತದೆ. ಇನ್ನೂ ಹಳೆಯ, 7ನೇ ಪಿನ್ನಿನ ಕೆ-ಲೈನ್ ಎಂಬ ನಿಧಾನ ಮಾರ್ಗದ ಗಾಡಿಗಳಲ್ಲಿ ಅರ್ಧ ಗಂಟೆ ಮೀರಬಹುದು. ಅಷ್ಟೂ ಹೊತ್ತು ಇಗ್ನಿಷನ್ ಆನ್ ಇರುತ್ತದೆ, ಆಲ್ಟರ್ನೇಟರ್ ತಿರುಗುವುದಿಲ್ಲ, ರೇಡಿಯೇಟರ್ ಫ್ಯಾನ್ ತಾನೇ ಓಡತೊಡಗಬಹುದು.

ರಾತ್ರಿ ನಿಂತ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಸೆಲ್ಫ್ ಹೊಡೆಯುತ್ತಲೇ ಬ್ಯಾಟರಿ ನೆಗೆಟಿವ್ ಮತ್ತು ಇಂಜಿನ್ ಬ್ಲಾಕ್ ನಡುವೆ ಮೀಟರ್ ಹಿಡಿದರೆ 0.2 ವೋಲ್ಟ್ ಆಸುಪಾಸು ಇರಬೇಕು. ಅರ್ಧ ವೋಲ್ಟ್ ಬಂದರೆ ಅರ್ಥಿಂಗ್ ಪಟ್ಟಿ ತುಕ್ಕು ಹಿಡಿದಿದೆ, ಮೊದಲು ಅದನ್ನು ಉಜ್ಜಿ ಬಿಗಿಸಿ. ಬರೆಯುವಾಗ 13ರಿಂದ 13.5 ವೋಲ್ಟನ್ನು ಅಲುಗಾಡದಂತೆ ಹಿಡಿಯುವ, ಕನಿಷ್ಠ 30 ಆಂಪ್ ಕೊಡುವ ಪವರ್ ಸಪ್ಲೈ ಬೇಕು. ಗ್ಯಾರೇಜಿನ ಮಾಮೂಲಿ ಬ್ಯಾಟರಿ ಚಾರ್ಜರ್ ಇದಲ್ಲ. ಅದರ ಕರೆಂಟಿನಲ್ಲಿ ಏರಿಳಿತ ಇರುತ್ತದೆ, ಕೆಲವು ಚಾರ್ಜರ್ ರಿಪೇರಿ ಮೋಡಿನಲ್ಲಿ 15 ವೋಲ್ಟ್ ದಾಟಿಸುತ್ತವೆ. ಪಕ್ಕದಲ್ಲಿ ಇನ್ನೊಂದು ಕಾರು ನಿಲ್ಲಿಸಿ ಜಂಪರ್ ಕೇಬಲ್ ಕೊಡುವುದೂ ಬೇಡ.

ಆ ಪವರ್ ಸಪ್ಲೈ ಓಡುವುದು ಬೆಸ್ಕಾಂ ಕರೆಂಟಿನ ಮೇಲೆ ಎಂಬುದನ್ನು ಮರೆಯಬೇಡಿ. ಬೇಸಿಗೆಯ ಮಧ್ಯಾಹ್ನ, ಮಳೆ-ಗಾಳಿಯ ಸಂಜೆ ಈ ಕೆಲಸಕ್ಕೆ ಹೊತ್ತಲ್ಲ. ಹೊಸ ಬ್ಯಾಟರಿಯೂ ಇದ್ದರೆ ಕರೆಂಟು ಹೋದರೂ ಅದು ಸ್ವಲ್ಪ ಹೊತ್ತು ತಡೆಯುತ್ತದೆ. ಹೆಡ್‌ಲೈಟ್, ಏಸಿ ಬ್ಲೋವರ್, ಸ್ಟೀರಿಯೊ ಆಫ್ ಇರಲಿ. ಜಿಪಿಎಸ್ ಟ್ರ್ಯಾಕರ್, ಡ್ಯಾಶ್‌ಕ್ಯಾಮ್ ಕಿತ್ತಿಡಿ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿದ್ದು, ನಿದ್ರೆಗೆ ಜಾರದಂತೆ, ಅಪ್‌ಡೇಟ್ ಶುರುವಾಗದಂತೆ ಹೊಂದಿಸಿರಬೇಕು. ಇಸಿಎಂ ಕನೆಕ್ಟರ್ ಒಮ್ಮೆ ತೆಗೆದು ನೋಡಿ: ಹಸಿರು ಪಾಚಿಯಂಥ ತುಕ್ಕು, ವೈರಿನೊಳಗಿಂದ ನುಸುಳಿದ ಎಣ್ಣೆ ಇದ್ದರೆ ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು ಒಣಗಿಸಿ. ಮೀಟರಿನ ದಪ್ಪ ಮೊನೆಯನ್ನು ಪಿನ್ನಿನ ಗೂಡಿಗೆ ಚುಚ್ಚಿದರೆ ಗೂಡು ಅಗಲವಾಗಿ, ಆಮೇಲೆ ಯಾವಾಗಲೋ ಸಂಪರ್ಕ ತಪ್ಪುತ್ತದೆ.

ಮೂಲ ಫೈಲ್ ಯಾರ ಕೈಲಿದೆ?

ರೀಮ್ಯಾಪ್ ಮಾಡುವವರನ್ನು ಆಯ್ದುಕೊಳ್ಳಲು ಈ ಒಂದು ಪ್ರಶ್ನೆ ಸಾಕು. "ನನ್ನ ಇಸಿಎಂನಿಂದಲೇ ಓದಿದ ಮೂಲ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಕೊಡುತ್ತೀರಾ?" ಕೆಲವು ಟೂಲ್‌ಗಳು ನಿಜವಾಗಿ ಓದುವುದೇ ಇಲ್ಲ. ಸಾಫ್ಟ್‌ವೇರ್ ನಂಬರ್ ನೋಡಿ, ಅದೇ ನಂಬರಿನ ಫೈಲನ್ನು ತಮ್ಮ ಸರ್ವರಿನಿಂದ ಇಳಿಸಿಕೊಳ್ಳುತ್ತವೆ. ಅದರಲ್ಲಿ ನಿಮ್ಮ ಗಾಡಿಯ ಇಮ್ಮೊಬಿಲೈಸರ್, ಇಂಜೆಕ್ಟರ್ ಕೋಡ್ ಇರುವುದಿಲ್ಲ. ಸರಿಯಾದ ಬ್ಯಾಕಪ್ ಎಂದರೆ ಫ್ಲ್ಯಾಶ್ ಮತ್ತು ಇಇಪ್ರಾಂ ಎರಡನ್ನೂ, ಎರಡೆರಡು ಸಲ ಓದಿ, ಎರಡೂ ಅಕ್ಷರಶಃ ಒಂದೇ ಇವೆ ಎಂದು ಹೋಲಿಸಿದ್ದು. ಎರಡು ಓದಿನಲ್ಲಿ ವ್ಯತ್ಯಾಸ ಬಂದರೆ ಸಂಪರ್ಕವೋ ಟೂಲೋ ಸರಿಯಿಲ್ಲ, ಬರೆಯಲೇಬಾರದು. ಹೆಸರಾಂತ ಟೂಲ್‌ಗಳ ಅಗ್ಗದ ನಕಲು ಪ್ರತಿಗಳು ಕೈಕೊಡುವುದು ಇಲ್ಲೇ. ಚೆಕ್‌ಸಮ್ (ಫೈಲ್ ಸರಿಯಿದೆಯೇ ಎಂದು ತಾಳೆ ನೋಡುವ ಮೊತ್ತ) ತಪ್ಪಾಗಿ ಬರೆದು ಗಾಡಿ ಸ್ಟಾರ್ಟೇ ಆಗದಂತೆ ಮಾಡುವುದೂ ಅವೇ.

ಕಾನೂನು, ಹೊಗೆ ತಪಾಸಣೆ, ವಿಮೆ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿಯ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ(4)ರ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಡೀಸೆಲ್ ಹೊಗೆಯ ಮಿತಿ ಬಿಎಸ್4 ಗಾಡಿಗೆ 50 ಹಾರ್ಟ್ರಿಜ್ (ಹೊಗೆಯ ದಟ್ಟತೆಯ ಅಳತೆ), ಅದಕ್ಕಿಂತ ಹಳೆಯದಕ್ಕೆ 65. ಹೊಗೆಯ ಮಿತಿ ಸಡಿಲಿಸಿದ ಮ್ಯಾಪ್ ಇದನ್ನು ಸುಲಭವಾಗಿ ದಾಟುತ್ತದೆ. 15 ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಆರ್‌ಟಿಒ ಮುಂದೆ ಗಾಡಿ ನಿಲ್ಲಿಸಬೇಕಾದವರು ಇದನ್ನು ಮೊದಲೇ ಯೋಚಿಸಲಿ. ವಿಮೆ ಕಂಪನಿಗೆ ತಿಳಿಸದ ಮಾರ್ಪಾಡು ಕ್ಲೇಮ್ ತಿರಸ್ಕಾರಕ್ಕೆ ದಾರಿ ಮಾಡಿಕೊಡುತ್ತದೆ.

ಯಾರಿಗೆ ಯಾವುದು

ಅಡಿಕೆ ಮೂಟೆ, ಜನ, ಸಾಮಾನು ಹೊತ್ತು ದುಡಿಯುವ ಗಾಡಿಗೆ ಮೊದಲ ಆಯ್ಕೆ ಬಿಟ್ಟು ಬೇರೇನೂ ಬೇಡ. ಭಾರ ಹೊತ್ತು ಏರು ಹತ್ತುವಾಗ ಪೂರ್ತಿ ಟಾರ್ಕಿನಲ್ಲಿ ನಿಮಿಷಗಟ್ಟಲೆ ಓಡುವ ಇಂಜಿನ್ನಿಗೆ ಹೆಚ್ಚುವರಿ ಡೀಸೆಲ್ ಎಂದರೆ ಹೆಚ್ಚುವರಿ ಬೆಂಕಿ. ಕಂಪನಿಯಿಂದ ಅಪ್‌ಡೇಟ್ ಇದೆ, ನಿಮ್ಮ ಗಾಡಿಯ ದೋಷ ಅದಕ್ಕೇ ಹೊಂದುತ್ತದೆ ಎಂದಾದರೆ ಎರಡನೆಯದು. ಮೇಲಿನ ಪರೀಕ್ಷೆಗಳೆಲ್ಲ ಪಾಸಾಗಿ, ಕ್ಲಚ್ ಈಚೆಗೆ ಬದಲಾಗಿ, ಎಲ್ಲ ತಿಳಿದೂ ಪಿಕಪ್ ಬೇಕೇ ಬೇಕು ಎನ್ನುವವರು ಓಬಿಡಿ ಅಥವಾ ಡಬ್ಬಿ ತೆರೆಯದ ಬೆಂಚ್ ವಿಧಾನದಲ್ಲಿ, ಶೇ. 10–15 ಮೀರದ ಫೈಲ್ ಕೇಳಲಿ, ಹೊಗೆ ಮಿತಿ, ಇಜಿಆರ್, ಕೋಡ್‌ಗಳನ್ನು ಮುಟ್ಟದಿರಲು ಬರವಣಿಗೆಯಲ್ಲಿ ಹೇಳಲಿ. ಪ್ರಮಾಣ ಕಡಿಮೆ ಮಾಡಿದ ಮಾತ್ರಕ್ಕೆ ಕಾನೂನಿನ ತೊಡಕು ಹೋಗುವುದಿಲ್ಲ. ಡಬ್ಬಿ ತೆರೆಯುವ ಮಾತು ಬಂದರೆ ಹಳೆ ಕಾರಿನಲ್ಲಿ ಅದನ್ನು ರಿಪೇರಿಗೆ ಮಾತ್ರ ಮೀಸಲಿಡಿ.

ನಡುವೆ ನಿಂತುಹೋದರೆ

ಪರದೆಯಲ್ಲಿ ಶೇ. 60ಕ್ಕೆ ನಿಂತಿತೆಂದು ಕೀ ತಿರುಗಿಸುವುದು, ಬ್ಯಾಟರಿ ಟರ್ಮಿನಲ್ ಕಳಚುವುದು ಇನ್ನೂ ಉಳಿದಿರುವ ಇಸಿಎಂ ಕೊಲ್ಲುವ ಕೆಲಸ. ಇಗ್ನಿಷನ್ ಆನ್ ಇರಲಿ, ವೋಲ್ಟೇಜ್ ಹಿಡಿದಿರಲಿ. ಹೆಚ್ಚಿನ ಇಸಿಎಂಗಳಲ್ಲಿ ಬೂಟ್‌ಲೋಡರ್ (ಇಸಿಎಂ ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಬೇರೆ ಜಾಗದಲ್ಲಿದ್ದು ಅಳಿಸಿರುವುದಿಲ್ಲ, ಟೂಲಿನ ರಿಕವರಿ ಮೋಡಿನಿಂದ ಎರಡನೇ ಸಲ ಬರೆಯಲು ಬರುತ್ತದೆ. ಆಗ ಬದಲಾಯಿಸಿದ ಫೈಲ್ ಬೇಡ, ಮೂಲ ಫೈಲನ್ನೇ ಬರೆಯಲಿ. ಪೋರ್ಟಿನಿಂದ ಇಸಿಎಂ ಪೂರ್ತಿ ಮೌನವಾದರೆ ಮಾತ್ರ ಬೆಂಚ್, ಅದೂ ಆಗದಿದ್ದರೆ ಬೂಟ್ ಮೋಡ್. ಆ ಎರಡೂ ಬಲ್ಲವರಲ್ಲದಿದ್ದರೆ ಮೊದಲ ಬರವಣಿಗೆಗೇ ಕೈಹಾಕಬಾರದಿತ್ತು. ಹಾಗಾಗಿ ಕೀ ಕೊಡುವ ಮುನ್ನವೇ ಕೇಳಿ: ನಿಂತುಹೋದರೆ ನೀವೇ ಎಬ್ಬಿಸುತ್ತೀರಾ, ಬೇರೆ ಊರಿಗೆ ಕಳಿಸುತ್ತೀರಾ, ಖರ್ಚು ಯಾರದು?

ಸರಿಯಾಗಿ ಬರೆದಾಯಿತು ಎಂದರೂ ಮೊದಲ 500 ಕಿಲೋಮೀಟರ್ ಕಣ್ಣಿಟ್ಟಿರಿ. ಅದೇ ದಿನ ಕೋಡ್ ಓದಿಸಿ, ವಾರದ ನಂತರ ಮತ್ತೆ ಓದಿಸಿ. ಕೂಲಂಟ್ ಮಟ್ಟ, ಆಯಿಲ್ ಮಟ್ಟ ಎರಡು ದಿನಕ್ಕೊಮ್ಮೆ ನೋಡಿ. ಜೋರಾಗಿ ಓಡಿಸಿ ನಿಲ್ಲಿಸಿದ ಮೇಲೆ ಟರ್ಬೊ ತಣಿಯಲು ಒಂದು ನಿಮಿಷ ಐಡ್ಲಿಂಗ್ ಕೊಡಿ. ಕೂಲಂಟ್ ಇಳಿಯುತ್ತಿದ್ದರೆ, ಕ್ಲಚ್ಚಿನ ವಾಸನೆ ಬಂದರೆ, ಟರ್ಬೊದಿಂದ ಸಿಳ್ಳೆ ಕೇಳಿದರೆ ಆ ಪೆನ್‌ಡ್ರೈವ್ ಹಿಡಿದು ಹೋಗಿ ಮೂಲ ಫೈಲ್ ಹಾಕಿಸಿಕೊಂಡು ಬನ್ನಿ.